76 ರೂಪಾಯಿಯ ಮೊಪೆಡ್ಡು

[ಮೊಪೆಡ್ ಒಂದು ಸ್ಟಾರ್ಟ್ ಆಗಲು ಒದ್ದಾಡುವ ಸದ್ದು. ಮೂರನೇ ಸಲಕ್ಕೆ ಹತ್ತಿಕೊಳ್ಳುತ್ತದೆ.]

ಈಗ ಕೇಳಿದ್ರಲ್ಲ, ಅದು ಸೌಂಡ್ ಎಫೆಕ್ಟ್ ಅಲ್ಲ. ಬೆಳಗ್ಗೆ ಆರೂವರೆಗೆ ನಮ್ಮ ಮನೆ ಮುಂದೆ ಫೋನಲ್ಲೇ ರೆಕಾರ್ಡ್ ಮಾಡಿದ್ದು. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಸುತ್ತ ತೆಂಗಿನ ತೋಟ, ಅಂಗಳದಲ್ಲಿ ಒಂದು ಮೊಪೆಡ್ಡು. ಅದು ನಮ್ಮ ಮನೆಗೆ ಬಂದಿದ್ದು 1994ರಲ್ಲಿ. ನಾನು ಬಂದಿದ್ದು ಅದಾದ ಮೂರು ವರ್ಷಕ್ಕೆ. ಅಂದ್ರೆ ಮನೇಲಿ ನನಗಿಂತ ಅದು ಹಿರಿಯ ಮಗ, ಅಪ್ಪ ನಡೆಸಿಕೊಳ್ಳೋದೂ ಹಂಗೇ.

ಈ ಪಾಡ್‌ಕಾಸ್ಟಲ್ಲಿ ಇತಿಹಾಸ ಅಂದ್ರೆ ಇಷ್ಟು ದಿನ ರಾಜರು, ಕೋಟೆ, ರೈಲು, ಬ್ಯಾಂಕು ಅಂತ ಮಾತಾಡಿದ್ದೀವಿ. ಇವತ್ತು ಸ್ಪಾರ್ಕ್ ಪ್ಲಗ್. ನಗಬೇಡಿ. ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ, ಅಲ್ಲಿಂದ 16 ಕಿಲೋಮೀಟರ್ ಬೇಲೂರಿಗೆ, ಈ ದಾರಿಯಲ್ಲಿ ಹೋಗುವ ಟೂರಿಸ್ಟ್ ನೋಡೋದು ಕಲ್ಲು. ಅದೇ ದಾರಿಯಲ್ಲಿ ಬದುಕುವವರ ಕಿವಿಗೆ ದಿನಾ ಬೀಳೋದು ಸಣ್ಣ ಪೆಟ್ರೋಲ್ ಎಂಜಿನ್ನಿನ ಸದ್ದು. ಕಾಯಿ ಮೂಟೆ ಹೊತ್ತ ಮೊಪೆಡ್ಡು, ಕಾಲುವೆ ಪಕ್ಕದ ಪಂಪು, ಕಾಫಿ ತೋಟದ ಸ್ಪ್ರೇಯರ್. ಕಲ್ಲಿನ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಎಂಜಿನ್ನಿನ ಚರಿತ್ರೆ ಬರೆದವರು ನಮ್ಮಪ್ಪ, ಕೊಬ್ಬರಿ ಲೆಕ್ಕದ ಪುಸ್ತಕದ ಹಿಂಭಾಗದಲ್ಲಿ.

ಆ ಪುಸ್ತಕದ ವಿಷಯಕ್ಕೆ ಬರ್ತೀನಿ. ಅದಕ್ಕೆ ಮುಂಚೆ ನಾನು ಮಾಡಿದ ಒಂದು ಘನಕಾರ್ಯ ಒಪ್ಪಿಸಿಬಿಡ್ತೀನಿ.

2020ರ ಏಪ್ರಿಲ್. ಲಾಕ್‌ಡೌನ್. ಬೆಂಗಳೂರಲ್ಲಿ ಆಡಿಟ್ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು, ಬ್ಯಾಗ್ ಕಟ್ಕೊಂಡು ಊರಿಗೆ ಬಂದಿದ್ದೆ. ಒಂದು ಬೆಳಗ್ಗೆ ತೋಟಕ್ಕೆ ಹೋಗಬೇಕು, ಮೊಪೆಡ್ಡಲ್ಲಿ ಪೆಟ್ರೋಲ್ ಇಲ್ಲ. ಅಪ್ಪ ಮಲಗಿದ್ರು. ನನ್ನ ಗೆಳೆಯನ ಬೈಕಿಂದ ಒಂದು ಬಾಟ್ಲಿ ಪೆಟ್ರೋಲ್ ಇಳಿಸ್ಕೊಂಡೆ, ಹಂಗೇ ಮೊಪೆಡ್ಡಿನ ಟ್ಯಾಂಕಿಗೆ ಸುರಿದೆ, ಹೊರಟೆ. ಗಾಡಿ ಏನ್ ಓಡ್ತು ಅಂತೀರಿ! ಹೊಗೆನೇ ಇಲ್ಲ. ನನಗೆ ಒಳಗೊಳಗೇ ಖುಷಿ. ವಾಪಸ್ ಬರುವಾಗ ಹಿಂದೆ ಎರಡು ಮೂಟೆ ಕಾಯಿ, ಸಣ್ಣ ಏರು. ಕೀಚ್ ಅಂತ ಒಂದು ಸದ್ದು. ಹಿಂದಿನ ಚಕ್ರ ಯಾರೋ ಹಿಡಿದು ನಿಲ್ಲಿಸಿದ ಹಂಗೆ ನಿಂತುಹೋಯ್ತು. ನಾನು ಒಂದು ಕಡೆ, ಕಾಯಿ ಒಂದು ಕಡೆ.

ಗೊತ್ತಿದ್ದವರು ಆಗಲೇ ತಲೆ ಚಚ್ಚಿಕೊಂಡಿರ್ತೀರಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇತಿಹಾಸ ಇಲ್ಲಿಂದಲೇ ಶುರು.

ನೀವು ಈಗ ಓಡಿಸುವ ಬೈಕಿನ ಎಂಜಿನ್ನು ಫೋರ್ ಸ್ಟ್ರೋಕ್. ಜರ್ಮನಿಯ ನಿಕೋಲಸ್ ಆಟೋ 1876ರಲ್ಲಿ ಓಡಿಸಿ ತೋರಿಸಿದ ಪದ್ಧತಿ. ಅದರ ಹೊಟ್ಟೆಯಲ್ಲಿ ಆಯಿಲ್ ಬೇರೆ ಇರುತ್ತೆ, ಟ್ಯಾಂಕಿನಲ್ಲಿ ಪೆಟ್ರೋಲ್ ಬೇರೆ. ಎರಡಕ್ಕೂ ಸಂಬಂಧ ಇಲ್ಲ. ಆದರೆ 1890ರ ಸುಮಾರಿಗೆ ಇಂಗ್ಲೆಂಡಿನ ಬಾತ್ ಅನ್ನೋ ಊರಲ್ಲಿ ಜೋಸೆಫ್ ಡೇ ಎಂಬಾತ ಇನ್ನೊಂದು ದಾರಿ ಹಿಡಿದ. ವಾಲ್ವು ಎತ್ತಿ ಇಳಿಸುವ ಸಾಮಾನು ಬೇಡ. ಪಿಸ್ಟನ್ನೇ ಮೇಲೆ ಕೆಳಗೆ ಹೋಗ್ತಾ ಗೋಡೆಯ ತೂತುಗಳನ್ನು ತೆರೆದು ಮುಚ್ಚಲಿ. ಗಾಳಿ, ಪೆಟ್ರೋಲು ಮೊದಲು ಎಂಜಿನ್ನಿನ ಹೊಟ್ಟೆಗೇ ಬರಲಿ, ಪಿಸ್ಟನ್ ಇಳಿಯುವಾಗ ಆ ಒತ್ತಡಕ್ಕೆ ಮೇಲಕ್ಕೆ ಹೋಗಲಿ. ಅವನ ಬಳಿ ಕೆಲಸಕ್ಕಿದ್ದ ಫ್ರೆಡರಿಕ್ ಕಾಕ್ ಅದನ್ನು ಇನ್ನಷ್ಟು ತಿದ್ದಿದ. ಹಗುರ, ಅಗ್ಗ, ಬಿಚ್ಚಿದರೆ ಕೈಬೆರಳಲ್ಲಿ ಎಣಿಸುವಷ್ಟು ಓಡಾಡುವ ಭಾಗ. ಟೂ ಸ್ಟ್ರೋಕ್ ಅಂತ ನಾವು ಕರೆಯೋ ಸಣ್ಣ ಎಂಜಿನ್ನಿನ ಮೂಲ ಅಲ್ಲಿದೆ.

ಬೆಲೆ ಒಂದೇ. ಹೊಟ್ಟೆಯೊಳಗೆ ಪೆಟ್ರೋಲ್ ಓಡಾಡುತ್ತಲ್ಲ, ಅಲ್ಲಿ ಬೇರೆ ಆಯಿಲ್ ತುಂಬಿಡಕ್ಕೆ ಆಗಲ್ಲ. ಹಾಗಾಗಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ 20 ಮಿಲಿಲೀಟರೋ 40 ಮಿಲಿಲೀಟರೋ, ಎಂಜಿನ್ನಿನ ಪುಸ್ತಕ ಹೇಳಿದಷ್ಟು. ಪ್ರತಿ ಸಲ, ತಪ್ಪದೇ. ಬೆರೆಸಿದ್ದು ಸುಟ್ಟು ನೀಲಿ ಹೊಗೆ ಆಗಿ ಹೋಗುತ್ತೆ. ನಾನು ಖುಷಿಪಟ್ಟೆನಲ್ಲ, ಹೊಗೆನೇ ಇಲ್ಲ ಅಂತ? ಅದು ಎಂಜಿನ್ನು ಒಣಗಿ ಸಾಯ್ತಿದ್ದ ಲಕ್ಷಣ. ಹಳೇ ಆಯಿಲ್ಲಿನ ಪಸೆ ಇರೋವರೆಗೆ ಓಡ್ತು. ಪಸೆ ಮುಗೀತು, ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡ್ತು. ಸೀಜ್.

ಮೇಸ್ತ್ರಿ ಬಂದ್ರು. ಅವರ ಹೆಸರು ಬೇಡ ಅಂದಿದ್ದಾರೆ, ಮೇಸ್ತ್ರಿ ಅಂತಲೇ ಇರಲಿ. ಎಪ್ಪತ್ತು ದಾಟಿದವರು. ಗಾಡಿ ಮುಟ್ಟಲೂ ಇಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ್ರು. ಅಂಗೈ ಮೇಲೆ ನಾಲ್ಕು ಹನಿ ಬಿಟ್ಟು ಉಜ್ಜಿದ್ರು. “ಏನಪ್ಪ ಬೀಕಾಂ, ಇದಕ್ಕೆ ಬರೀ ನೀರು ಕುಡಿಸಿದೀಯಲ್ಲ” ಅಂದ್ರು. ಅಷ್ಟೇ. ಇವತ್ತಿಗೂ ನನ್ನ ಹೆಸರು ಅವರ ಬಾಯಲ್ಲಿ ಬೀಕಾಂ.

ಈ ಮೇಸ್ತ್ರಿ ಕೈ ಪಳಗಿಸಿಕೊಂಡಿದ್ದು ಯೆಜ್ಡಿ ಬೈಕುಗಳ ಮೇಲೆ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು, ಗೊತ್ತಲ್ಲ? ಇರಾನಿ ಕುಟುಂಬದವರು ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ಜೊತೆ ಸೇರಿ ಮಾಡಿದ್ದು. 1961ರಲ್ಲಿ ಗಾಡಿ ಹೊರಬರಲು ಶುರುವಾಯ್ತು, 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಅನ್ನೋ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಸಿಂಗಲ್ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ಕರೂ ಗೇರೂ ಒಂದೇ ಲಿವರ್. ಟೂ ಸ್ಟ್ರೋಕ್. ಹಾಸನ, ಅರಸೀಕೆರೆ ಕಡೆಗೆ ಮೈಸೂರು ಎಷ್ಟು ದೂರ? ಹಾಗಾಗಿ ನಮ್ಮ ಕಡೆಯ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳಿಗೆ ಯೆಜ್ಡಿಯೇ ಐಟಿಐ.

ಇನ್ನೊಂದು ಕಂಪನಿ ಇದೆ, ಇದನ್ನು ಯಾರೂ ಇತಿಹಾಸ ಅಂತ ನೋಡಲ್ಲ. ಬೆಂಗಳೂರಲ್ಲಿರೋ ಕೇಳುಗರಿಗೆ ಮೈಕೋ ಲೇಔಟ್ ಗೊತ್ತು. ಮೈಕೋ ಅಂದ್ರೆ ಏನು? ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾದ, ಜರ್ಮನಿಯ ಬಾಷ್ ಜೊತೆಗಿನ ಕಂಪನಿ. ಆಡುಗೋಡಿಯಲ್ಲಿ ಕಾರ್ಖಾನೆ. 2008ರಲ್ಲಿ ಹೆಸರೇ ಬಾಷ್ ಅಂತ ಬದಲಾಯ್ತು. ಬಾಷ್ ಕಂಪನಿಯಲ್ಲಿ ಗಾಟ್‌ಲೋಬ್ ಹೊನೊಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಮಾಡಿದ್ದ. ಬ್ಯಾಟರಿ ಇಲ್ಲದೆ, ಚಕ್ರ ತಿರುಗಿಸಿದರೆ ಸಾಕು, ಕಿಡಿ. ಸಣ್ಣ ಎಂಜಿನ್ನು ಹೊಲಕ್ಕೆ, ತೋಟಕ್ಕೆ ಹೋಗಲು ಆಗಿದ್ದೇ ಈ ಕಿಡಿಯಿಂದ. ಅದೇ ವಂಶದ ಪ್ಲಗ್ಗು ಮೈಕೋ ಅನ್ನೋ ಹೆಸರಲ್ಲಿ ಬೆಂಗಳೂರಲ್ಲಿ ತಯಾರಾಗಿ ನಮ್ಮ ಊರಿನ ಅಂಗಡಿಗಳಿಗೆ ಬಂತು. ಮೇಸ್ತ್ರಿ ಬಾಯಲ್ಲಿ ಈಗಲೂ ಪ್ಲಗ್ಗು ಅನ್ನೋ ಪದ ಒಂಟಿಯಾಗಿ ಬರಲ್ಲ. ಯಾವ ಕಂಪನಿದಾದರೂ ಮೈಕೋಪ್ಲಗ್ಗೇ, ಒಂದೇ ಉಸಿರಲ್ಲಿ.

ಇನ್ನು ಮೊಪೆಡ್. ಪುಣೆ ಕಡೆಯ ಕೈನೆಟಿಕ್ ಲೂನಾ 1972ರಲ್ಲಿ ಬಂದಿತ್ತು. ಆದರೆ ನಮ್ಮ ಭಾಗಕ್ಕೆ ತಿರುವು ಅಂದ್ರೆ 1980. ಬೆಂಗಳೂರಿನ ಪಕ್ಕದ ಹೊಸೂರಿನಿಂದ ಟಿವಿಎಸ್ 50 ಹೊರಬಂತು. ಹೊಸೂರು ತಮಿಳುನಾಡಲ್ಲಿದೆ, ಕನ್ನಡ ಮಾತಾಡುವವರು ಅಲ್ಲಿ ಬೇಕಾದಷ್ಟು. ಇಬ್ಬರು ಕೂರಬಹುದಾದ ಮೊಪೆಡ್ ಅನ್ನೋದು ಅದರ ಹೆಗ್ಗಳಿಕೆ. ಇಬ್ಬರು ಕೂರಬಹುದು ಅಂತ ಕಂಪನಿ ಹೇಳ್ತು. ನಮ್ಮವರು ಅದನ್ನು ಹೀಗೆ ಅರ್ಥ ಮಾಡ್ಕೊಂಡ್ರು: ಒಬ್ಬ ಮನುಷ್ಯ, ಎರಡು ಮೂಟೆ ಕಾಯಿ, ಒಂದು ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ, ಜಾಗ ಉಳಿದರೆ ಮಗ.

ಅರಸೀಕೆರೆಗೆ ಇದು ಯಾಕೆ ಅಷ್ಟು ಮುಖ್ಯ ಆಯ್ತು ಅನ್ನೋದಕ್ಕೆ ಕೊಬ್ಬರಿ ಅರ್ಥ ಆಗಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ. ಬಲಿತ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದ್ರೆ ಹೆಚ್ಚೂಕಮ್ಮಿ ಒಂದು ವರ್ಷ ಅಲ್ಲೇ ಒಣಗಬೇಕು. ಆಮೇಲೆ ಸುಲಿದು, ಒಡೆದು, ಮೂಟೆ ಕಟ್ಟಿ ಮಾರುಕಟ್ಟೆಗೆ. ದೊಡ್ಡ ತೋಟದವರು ಲಾರಿ ಕರೀತಾರೆ. ಎರಡು ಎಕರೆಯವನು? ಅವನಿಗೆ ಎತ್ತಿನ ಗಾಡಿ ಕಟ್ಟೋಷ್ಟು ಮಾಲಿಲ್ಲ, ಬಸ್ಸಲ್ಲಿ ಹಾಕಿದ್ರೆ ಕಂಡಕ್ಟರ್ ಜೊತೆ ಜಗಳ. ರೇಟು ಏರಿದ ದಿನ ಎರಡೇ ಮೂಟೆ ತಗೊಂಡು ಹೋಗಿ ಮಾರಿ ಬರಬೇಕು, ಬಿದ್ದ ದಿನ ಮನೇಲಿರಬೇಕು. ಆ ಸ್ವಾತಂತ್ರ್ಯ ಕೊಟ್ಟಿದ್ದು 50 ಸಿಸಿ ಎಂಜಿನ್ನು. ಇದು ನನ್ನ ಅಭಿಪ್ರಾಯ, ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅಪ್ಪನ ಲೆಕ್ಕದ ಪುಸ್ತಕದಲ್ಲಿ ಮಾರಾಟದ ತಾರೀಖುಗಳು 1994ರ ಮುಂಚೆ ವರ್ಷಕ್ಕೆ ಒಂದೋ ಎರಡೋ, ಆಮೇಲೆ ಪುಟ ತುಂಬ.

ಈಗ ಆ ಪುಸ್ತಕ. ಗಾಡಿ ಸೀಜ್ ಆದ ಮೇಲೆ ಮಾಡಕ್ಕೆ ಕೆಲಸ ಇರಲಿಲ್ಲ, ಹಳೇ ಲೆಕ್ಕ ನೋಡ್ತಾ ಕೂತೆ. ಮುಂದಿನಿಂದ ಕೊಬ್ಬರಿ. ಪುಸ್ತಕ ತಿರುಗಿಸಿ ಹಿಂದಿನಿಂದ ತೆರೆದರೆ ಮೊಪೆಡ್ಡು. ಒಂದು ತಾರೀಖು, ಒಂದೆರಡು ಪದ, ಒಂದು ಮೊತ್ತ. ಪ್ಲಗ್ ಕ್ಲೀನ್. ಪ್ಲಗ್ ಕ್ಲೀನ್. ಕೇಬಲ್. ಕಾರ್ಬನ್ ತೆಗೆಸಿದ್ದು. ಪ್ಲಗ್ ಹೊಸದು. ಜೆಟ್ ಕಸ. ಪ್ಲಗ್ ಕ್ಲೀನ್. ಎಣಿಸಲು ಶುರು ಮಾಡಿ ನೂರು ದಾಟಿದ ಮೇಲೆ ಬಿಟ್ಟೆ. ಅಕ್ಕನ ಮದುವೆ ನಡೆದ ವಾರದಲ್ಲೂ ಒಂದು ಎಂಟ್ರಿ ಇದೆ. ಅಜ್ಜಿ ತೀರಿಕೊಂಡ ತಿಂಗಳಲ್ಲೂ ಇದೆ.

ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಇರಕ್ಕೆ ಆಗುತ್ತಾ? ಯಂತ್ರಕ್ಕೆ ಸವಕಳಿ ವರ್ಷಕ್ಕೆ ಶೇ. 15, ಉಳಿದ ಮೌಲ್ಯದ ಮೇಲೆ. ಲೆಕ್ಕಕ್ಕೆ ಗಾಡಿ ಬೆಲೆ 10,000 ರೂಪಾಯಿ ಅಂತ ಇಟ್ಕೊಳ್ಳಿ. ಹತ್ತು ವರ್ಷಕ್ಕೆ 1,969. ಇಪ್ಪತ್ತು ವರ್ಷಕ್ಕೆ 388. ಮೂವತ್ತು ವರ್ಷ ಆದ ಮೇಲೆ ಪುಸ್ತಕದ ಬೆಲೆ 76 ರೂಪಾಯಿ. ಮತ್ತೆ ಈ ಪ್ಲಗ್ಗು, ಕಾರ್ಬನ್ನು, ಕೇಬಲ್ಲು ಎಲ್ಲ ಎಲ್ಲಿಗೆ ಹೋಗುತ್ತೆ? ರಿಪೇರ್ಸ್ ಅಂಡ್ ಮೇಂಟೆನೆನ್ಸ್ ಅನ್ನೋ ಒಂದು ಸಾಲಿಗೆ. ಖರ್ಚು. ಆ ವರ್ಷ ಬಂತು, ಆ ವರ್ಷ ಹೋಯ್ತು. ಆಸ್ತಿ ಕಾಲಂಗೆ ಒಂದು ಪೈಸೆ ಸೇರಲ್ಲ. ಮೂರು ವರ್ಷ ಡಿಗ್ರಿಯಲ್ಲಿ, ಎರಡು ವರ್ಷ ಆಡಿಟಲ್ಲಿ ಆ ಸಾಲನ್ನು ಟಿಕ್ ಹಾಕಿ ದಾಟಿದ್ದೇನೆ. ಅದರ ಹಿಂದೆ ಯಾರೋ ಕೂತು ಏನೋ ಉಜ್ಜಿರ್ತಾರೆ ಅಂತ ಒಂದು ದಿನವೂ ಅನಿಸಿರಲಿಲ್ಲ.

ಏನು ಉಜ್ಜುತ್ತಾರೆ? ಮೇಸ್ತ್ರಿ ಪಕ್ಕ ಕೂತು ಆ ತಿಂಗಳು ನೋಡಿದ್ದನ್ನ ಹೇಳ್ತೀನಿ. ಎಂಜಿನ್ನು ಬಿಚ್ಚಿದ ಮೇಲೆ ಸಿಲಿಂಡರ್ ರೀಬೋರ್‌ಗೆ ಹೋಯ್ತು, ಅಂದ್ರೆ ಗೀರುಬಿದ್ದ ಒಳಗೋಡೆಯನ್ನು ತುಸು ಅಗಲ ಕೊರೆದು, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಹಾಕೋದು. ಅಂಗಡಿ ಎಲ್ಲ ಮುಚ್ಚಿತ್ತು, ಅದು ವಾಪಸ್ ಬರಲು ವಾರಗಟ್ಟಲೆ ಆಯ್ತು. ಅಷ್ಟರಲ್ಲಿ ಉಳಿದದ್ದಕ್ಕೆ ಕೈ ಹಾಕಿದ್ರು.

ಮೊದಲು ಪ್ಲಗ್ಗು. ಬಿಚ್ಚಿದ ತಕ್ಷಣ ಒರೆಸಬಾರದು. ನೋಡಬೇಕು. ಡಾಕ್ಟರು ನಾಲಿಗೆ ನೋಡ್ತಾರಲ್ಲ, ಹಂಗೆ. ತುದಿ ಕಾಫಿಬಣ್ಣ ಇದ್ರೆ ಎಂಜಿನ್ನು ಆರೋಗ್ಯವಾಗಿದೆ. ಒಣಗಿದ ಕರಿ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಥವಾ ಗಾಳಿ ಫಿಲ್ಟರ್ ಕಟ್ಟಿದೆ. ಕರಿ, ಜೊತೆಗೆ ಒದ್ದೆ ಜಿಡ್ಡು ಇದ್ರೆ ಆಯಿಲ್ ಜಾಸ್ತಿ. ಸುಟ್ಟ ಬಿಳಿ ಇದ್ರೆ ಎಚ್ಚರ, ಒಳಗೆ ಕಾವು ಮಿತಿಮೀರಿದೆ. ನನ್ನ ಪ್ಲಗ್ಗು ಬೂದಿಬಿಳಿ ಇತ್ತು. ನೋಡಿ ಆದ ಮೇಲೆ ಸೀಮೆಎಣ್ಣೆ, ತಂತಿ ಬ್ರಷ್ಷು, ಒಣಬಟ್ಟೆ. ಆಮೇಲೆ ಗ್ಯಾಪು, ಕಿಡಿ ಹಾರುವ ಸಂದು. ಅದಕ್ಕೆ ಫೀಲರ್ ಗೇಜ್ ಅಂತ ಅಳತೆಪಟ್ಟಿ ಬರುತ್ತೆ. ಮೇಸ್ತ್ರಿ ಹತ್ರ ಇದ್ದಿದ್ದು ಮುರಿದ ಹ್ಯಾಕ್ಸಾ ಬ್ಲೇಡು. ಅದರ ದಪ್ಪ ಹೆಚ್ಚೂಕಮ್ಮಿ 0.65 ಮಿಲಿಮೀಟರ್, ಈ ಎಂಜಿನ್ನುಗಳು ಕೇಳೋದು 0.6ರಿಂದ 0.7. ಐವತ್ತು ವರ್ಷದ ಹಿಂದೆ ಯಾರು ಅದನ್ನ ಮೊದಲು ಗಮನಿಸಿದರೋ, ಆ ಪುಣ್ಯಾತ್ಮನಿಗೆ ಪೇಟೆಂಟ್ ಸಿಗಲಿಲ್ಲ.

ಆಮೇಲೆ ಗಾಳಿ ಫಿಲ್ಟರ್. ಸ್ಪಂಜಿನ ತುಂಡು. ನಮ್ಮ ಕಡೆಯ ಕೆಮ್ಮಣ್ಣು, ಕಾಯಿಸಿಪ್ಪೆಯ ಧೂಳು ಎಲ್ಲ ಅದರಲ್ಲಿ. ಸೋಪುನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್ ನಾಲ್ಕು ಹನಿ ಬಿಟ್ಟು ಹಿಂಡಿ ಹಾಕಬೇಕು. ಫಿಲ್ಟರ್ ಇಲ್ಲದೆ ಓಡಿಸೋರಿದ್ದಾರೆ, ಎಂಜಿನ್ನಿಗೆ ಮರಳು ತಿನ್ನಿಸಿದ ಲೆಕ್ಕ.

ಕಾರ್ಬನ್ ತೆಗೆಯೋದು ಹಬ್ಬ. ಬೆರೆಸಿದ ಆಯಿಲ್ ಪೂರ್ತಿ ಸುಡಲ್ಲವಲ್ಲ, ಟಾರಿನ ಹಾಗೆ ಸೈಲೆನ್ಸರಿನೊಳಗೆ, ಸಿಲಿಂಡರಿನ ತೂತುಗಳಲ್ಲಿ ಕಟ್ಟಿಕೊಳ್ಳುತ್ತೆ. ಉಸಿರು ಕಟ್ಟಿದ ಗಾಡಿ ಏರು ಹತ್ತಲ್ಲ. ಕೆಲವರು ಕಾಸ್ಟಿಕ್ ಸೋಡಾ ನೀರಲ್ಲಿ ನೆನೆಹಾಕ್ತಾರೆ, ಕೈ ಸುಟ್ಟುಕೊಳ್ಳೋದು ಗ್ಯಾರಂಟಿ. ನಮ್ಮ ಮನೇಲಿ ತೆಂಗಿನ ಚಿಪ್ಪಿಗೆ ಬರವಿಲ್ಲ. ಚಿಪ್ಪಿನ ಕೆಂಡ ಮಾಡಿ, ಸೈಲೆನ್ಸರಿನ ಒಳಕೊಳವೆ ಮಾತ್ರ ಅದರಲ್ಲಿ ಹೂತಿಟ್ರು. ಕೆಂಪಗೆ ಕಾದು, ಮಸಿ ಎಲ್ಲ ಬೂದಿಯಾಗಿ ತಟ್ಟಿದ್ರೆ ಉದುರ್ತು. ಪೆಟ್ರೋಲಿನ ಯಾವ ವಸ್ತುವೂ ಆ ಅಂಗಳದಲ್ಲಿರಬಾರದು ಅಂತ ಮುಂಚೆಯೇ ಎಲ್ಲ ಒಳಗಿಡಿಸಿದ್ದರು. ಸಿಲಿಂಡರಿನ ತೂತುಗಳ ಮಸಿ ಕೆರೆಯಲು ಮಾತ್ರ ಕಬ್ಬಿಣ ಬಳಸಲಿಲ್ಲ. ಬಿದಿರಿನ ಸೀಳು. ಒಂದು ಗೀರು ಬಿದ್ದರೂ ಮತ್ತೆ ರೀಬೋರ್ ಅಂದ್ರು.

ಹಳೇಬೀಡಿಗೆ ಬರೋಣ. ಅಲ್ಲಿ ನಮ್ಮ ಸೋದರಮಾವನ ಹೊಲ. ಅವರ ಹತ್ರ ಇದ್ದಿದ್ದು ಇನ್ನೊಂದು ಜಾತಿಯ ಎಂಜಿನ್ನು, ಈಗಿನವರು ನೋಡೇ ಇರಲ್ಲ: ಪೆಟ್ರೋಲಲ್ಲಿ ಸ್ಟಾರ್ಟ್, ಸೀಮೆಎಣ್ಣೆಯಲ್ಲಿ ಓಟ. ಕೈಯಲ್ಲಿ ಎತ್ತಿಕೊಂಡು ಹೋಗುವ ಪಂಪು. ಸೀಮೆಎಣ್ಣೆ ಅಗ್ಗ ಇದ್ದ ಕಾಲದ ಜಾಣತನ. ತಣ್ಣಗಿರುವ ಎಂಜಿನ್ನಿಗೆ ಸೀಮೆಎಣ್ಣೆ ಹತ್ತಲ್ಲ, ಹಾಗಾಗಿ ಪೆಟ್ರೋಲಲ್ಲಿ ಕಾಯಿಸಿ ಆಮೇಲೆ ಕಾಕ್ ತಿರುಗಿಸೋದು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರಬೇಕು, ಇಲ್ಲಾಂದ್ರೆ ಮಾರನೇ ದಿನ ಕಾರ್ಬೊರೇಟರಲ್ಲಿ ಬರೀ ಸೀಮೆಎಣ್ಣೆ, ಹಗ್ಗ ಎಳೆದು ಎಳೆದು ರಟ್ಟೆ ಬಿದ್ದುಹೋಗುತ್ತೆ. ಸುಡದೆ ಉಳಿದ ಸೀಮೆಎಣ್ಣೆ ಕೆಳಗಿಳಿದು ಆಯಿಲನ್ನು ತೆಳ್ಳಗೆ ಮಾಡುತ್ತೆ, ಅದಕ್ಕೆ ಆಯಿಲ್ ಬೇಗ ಬೇಗ ಬದಲಿಸಬೇಕು. ಸಬ್ಸಿಡಿ ಸೀಮೆಎಣ್ಣೆ ಹೋಯ್ತು, ಆ ಪಂಪೂ ಗುಜರಿಗೆ ಹೋಯ್ತು.

ಮಾವನ ಮನೆಗೆ ಹೋದಾಗೆಲ್ಲ ಹೊಯ್ಸಳೇಶ್ವರದ ಕಡೆ ಒಂದು ಸುತ್ತು ಹಾಕ್ತೀನಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಎಲ್ಲರ ಬಾಯಲ್ಲೂ ಕಟ್ಟಿದವರ ಹೆಸರು. ಆದರೆ ಶಾಸನ ಓದುವವರನ್ನು ಕೇಳಿ ನೋಡಿ. ದೇವಸ್ಥಾನಕ್ಕೆ ಭೂಮಿ ಬಿಟ್ಟ ಶಾಸನಗಳಲ್ಲಿ ಪೂಜೆ, ನೈವೇದ್ಯದ ಪಕ್ಕದಲ್ಲೇ ಮತ್ತೆ ಮತ್ತೆ ಬರುವ ಒಂದು ಪದ ಇದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರುಕುಬಿಟ್ಟದ್ದು, ಹಳತಾದದ್ದನ್ನ ಸರಿಪಡಿಸೋದು. ಅದಕ್ಕೆ ಅಂತಲೇ ಆದಾಯ ಮೀಸಲು. ಕೆರೆಗಳ ಉಸ್ತುವಾರಿಗೆ ಬಿಟ್ಟ ಭೂಮಿಗೆ ಬಿತ್ತುವಟ್ಟ ಅನ್ನೋ ಬೇರೆಯೇ ಹೆಸರು. ಬೇಲೂರಿನ ಚೆನ್ನಕೇಶವ ಗುಡಿಯಾಗಿದ್ದು 1117ರಲ್ಲಿ, ಆದರೆ ನೀವು ಫೋಟೊ ತೆಗೆಯೋ ಆ ಮಹಾದ್ವಾರದ ಗೋಪುರ ವಿಜಯನಗರದ ಎರಡನೇ ಹರಿಹರನ ಕಾಲದ್ದು, 1397ರಲ್ಲಿ ದಂಡನಾಯಕ ಗುಂಡ ಮತ್ತೆ ಎಬ್ಬಿಸಿದ್ದು. ಅವರು ಮೇಂಟೆನೆನ್ಸನ್ನು ಕಲ್ಲಿನ ಮೇಲೆ ಕೆತ್ತಿಸಿದರು, ನನ್ನ ಸಿಲಬಸ್ಸಿನವರು ಅದನ್ನು ಒಂದು ಸಾಲಿನ ಖರ್ಚು ಮಾಡಿದರು. ಹೋಲಿಕೆ ಸ್ವಲ್ಪ ಜಾಸ್ತಿಯಾಯ್ತು ಅನಿಸಿದ್ರೆ ಕ್ಷಮಿಸಿ. ಆ ಪದ ಮೊದಲ ಸಲ ಕೇಳಿದಾಗ ನನಗೆ ನೆನಪಾಗಿದ್ದು ಅಪ್ಪನ ಪುಸ್ತಕದ ಹಿಂಭಾಗವೇ.

ಬೇಲೂರಿನಿಂದ ಆಚೆಗೆ ಮಣ್ಣು ಬದಲಾಗುತ್ತೆ, ಕಾಫಿ, ಮೆಣಸು, ಅಡಿಕೆ ಶುರು. ಅಲ್ಲಿ ಬೆನ್ನ ಮೇಲೆ ಹೊರುವ ಸ್ಪ್ರೇಯರು, ಕಳೆ ಕತ್ತರಿಸುವ ಮೆಷಿನ್ನು. ಮಳೆಗಾಲದ ಹೊಸ್ತಿಲಲ್ಲಿ ಬೋರ್ಡೊ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅಡಿಕೆ ಕೊಳೆರೋಗಕ್ಕೆ ಇದನ್ನೇ ಹೊಡೆಯಲು ಮಲೆನಾಡಿನವರಿಗೆ ಕಲಿಸಿದರು. ಆಗ ಕೈಪಂಪು, ಈಗ ಎಂಜಿನ್ನು. ವರ್ಷದಲ್ಲಿ ಕೆಲವೇ ವಾರ ಕೆಲಸ, ಉಳಿದಷ್ಟು ದಿನ ಮೂಲೆ. ಅಲ್ಲೇ ತೊಂದರೆ. ಟ್ಯಾಂಕಲ್ಲಿ ಬಿಟ್ಟ ಪೆಟ್ರೋಲ್ ತಿಂಗಳುಗಟ್ಟಲೆ ನಿಂತು ಆರಿ ಅಂಟಾಗುತ್ತೆ, ಕಾರ್ಬೊರೇಟರಿನ ಕೂದಲೆಳೆ ತೂತು ಮುಚ್ಚಿಹೋಗುತ್ತೆ. ಈಗ ಪೆಟ್ರೋಲಲ್ಲಿ ಶೇ. 20 ಎಥನಾಲ್ ಬೇರೆ. ಎಥನಾಲ್ ಗಾಳಿಯ ತೇವ ಹೀರುತ್ತೆ, ಮಲೆನಾಡಲ್ಲಿ ತೇವಕ್ಕೇನು ಕಮ್ಮಿ? ಹಳೇ ರಬ್ಬರ್ ಪೈಪು, ವಾಷರ್ರುಗಳನ್ನೂ ಅದು ಮೆತ್ತಗೆ ಮಾಡುತ್ತೆ. ಹಾಗಾಗಿ ಸೀಸನ್ ಮುಗಿದ ದಿನವೇ ಟ್ಯಾಂಕು ಖಾಲಿ ಮಾಡಿ, ಕಾರ್ಬೊರೇಟರಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲೋವರೆಗೆ ಓಡಿಸಿ. ಪ್ಲಗ್ ಬಿಚ್ಚಿ ಒಳಗೆ ಒಂದು ಚಮಚ ಆಯಿಲ್ ಬಿಟ್ಟು, ಹಗ್ಗ ನಿಧಾನಕ್ಕೆ ಎರಡು ಸಲ ಎಳೆದು, ಪ್ಲಗ್ ಹಾಕಿ ಇಡಿ. ಹತ್ತು ನಿಮಿಷದ ಕೆಲಸ.

ಈ ಕೆಲಸ ಯಾವಾಗ ನಮ್ಮ ಕೈಯಿಂದ ಜಾರಿತು? ನನ್ನ ಉತ್ತರ: 1985. ಹೀರೊ ಹೋಂಡಾದ ಸಿಡಿ 100 ಬಂದ ವರ್ಷ. ಫೋರ್ ಸ್ಟ್ರೋಕ್, ಒಳ್ಳೇ ಮೈಲೇಜ್, ಬೆರೆಸುವ ರಗಳೆ ಇಲ್ಲ. ಅದರ ಜಾಹೀರಾತಿನ ಸಾರಾಂಶ, ಪೆಟ್ರೋಲ್ ತುಂಬಿಸು, ಮುಚ್ಚಳ ಹಾಕು, ಮರೆತುಬಿಡು. ಮರೆಯೋದನ್ನೇ ಮಾರಾಟ ಮಾಡಿದ ಜಾಹೀರಾತು, ಎಷ್ಟು ಜಾಣರು ನೋಡಿ. 1991ರಿಂದ ಹೊಗೆಗೆ ಮಿತಿ ಬಂತು, 1996ರಲ್ಲಿ, 2000ದಲ್ಲಿ ಬಿಗಿಯಾಯ್ತು. 2017ರ ಮಾರ್ಚ್ ಕೊನೆಗೆ ಸುಪ್ರೀಂ ಕೋರ್ಟ್ ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರಬಾರದು ಅಂತು. ಆ ಎರಡು ದಿನ ಶೋರೂಮುಗಳ ಮುಂದೆ ಡಿಸ್ಕೌಂಟಿಗೆ ಬಿದ್ದ ನೂಕುನುಗ್ಗಲು ನಿಮಗೂ ನೆನಪಿರಬಹುದು. ಮೊಪೆಡ್ಡೂ ಅಷ್ಟರಲ್ಲಿ ಎಕ್ಸ್‌ಎಲ್ 100 ಆಗಿ ಫೋರ್ ಸ್ಟ್ರೋಕಿಗೆ ಬಂದಿತ್ತು. 2020ರ ಬಿಎಸ್-6 ಬಂದ ಮೇಲೆ ಅದರಲ್ಲಿ ಕಾರ್ಬೊರೇಟರೂ ಇಲ್ಲ.

ನೀಲಿ ಹೊಗೆ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಸುಡದ ಪೆಟ್ರೋಲನ್ನು ಹಾಗೇ ಆಚೆ ಉಗಿಯುವ ಎಂಜಿನ್ನು ಅದು, ಪೇಟೆಯ ಸಿಗ್ನಲ್ಲಲ್ಲಿ ನಿಂತ ಮಕ್ಕಳ ಶ್ವಾಸಕೋಶದ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಹೊಸ ಗಾಡಿ ಒಳ್ಳೇದು. ಆದರೆ ಅದು ಕೆಟ್ಟರೆ ನಮ್ಮೂರಿನ ಮೇಸ್ತ್ರಿ ಹತ್ರ ಅದಕ್ಕೆ ಬೇಕಾದ ಸ್ಕ್ಯಾನರ್ ಇಲ್ಲ. ಅವರ ಇಬ್ಬರು ಮಕ್ಕಳಲ್ಲಿ ಯಾರೂ ಅಂಗಡಿಗೆ ಬರಲಿಲ್ಲ. ಹೋದ ವರ್ಷ ಅವರ ಕಣ್ಣಿನ ಆಪರೇಷನ್ ಆಯ್ತು, ಪ್ಲಗ್ಗಿನ ಬಣ್ಣ ಈಗ ನಾನು ನೋಡಿ ಹೇಳ್ಬೇಕು, ಅವರು ಕೇಳಿಸ್ಕೊತಾರೆ. ನಾನು ಕಾಫಿಬಣ್ಣ ಅಂದ್ರೆ “ಹಾಲು ಹಾಕಿದ್ದಾ, ಡಿಕಾಕ್ಷನ್ನಾ” ಅಂತ ಮರುಪ್ರಶ್ನೆ.

2024ರಲ್ಲಿ ಮೊಪೆಡ್ಡಿನ ಆರ್‌ಸಿ ನವೀಕರಣ ಬಂತು. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ. ದ್ವಿಚಕ್ರಕ್ಕೆ ಮುಂಚೆ 300 ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 1,000 ರೂಪಾಯಿ ಆಗಿತ್ತು. 76 ರೂಪಾಯಿಯ ಆಸ್ತಿಗೆ 1,000 ರೂಪಾಯಿ ಶುಲ್ಕ. ನಾನು ಆಡಿಟರ್ ಗತ್ತಲ್ಲಿ, ಗುಜರಿಗೆ ಹಾಕೋಣ ಅಪ್ಪ, ಲೆಕ್ಕ ಕೂಡಲ್ಲ ಅಂದೆ. ಅಪ್ಪ ವಾದ ಮಾಡಲಿಲ್ಲ. ಪುಸ್ತಕ ತಂದು ನನ್ನ ಮುಂದೆ ಇಟ್ಟು ಹಟ್ಟಿ ಕಡೆ ಹೋದ್ರು.

ನಾನು 2020ರ ಪುಟ ತೆಗೆದೆ. ನಾಲ್ಕು ವರ್ಷ ಅದನ್ನ ನೋಡುವ ಧೈರ್ಯ ಮಾಡಿರಲಿಲ್ಲ. ಆ ತಾರೀಖಿನ ಮುಂದೆ ಅಪ್ಪನ ಕೈಬರಹ: ಬೋರು, ಪಿಸ್ಟನ್ನು, ಗ್ಯಾಸ್ಕೆಟ್ಟು. ಮೊತ್ತ. ಕಾರಣದ ಜಾಗದಲ್ಲಿ ಎರಡೇ ಪದ, ಆಯಿಲ್ ಇಲ್ಲ. ಯಾರು ಅಂತ ಬರೆದಿರಲಿಲ್ಲ.

1,000 ರೂಪಾಯಿ ಕಟ್ಟಿದ್ದೇವೆ. 2029ರವರೆಗೆ ಗಾಡಿ ಇದೆ. ಅಪ್ಪನ ಮಂಡಿ ಈಗ ಬಗ್ಗಲ್ಲ, ಹಾಗಾಗಿ ಭಾನುವಾರ ಬೆಳಗ್ಗೆ ಜಗುಲಿ ಮೇಲೆ ಕೂತು ನನಗೆ ಹೇಳ್ತಾರೆ, ನಾನು ಉಜ್ಜುತ್ತೀನಿ. ಈ ವಾರದ್ದು ಪ್ಲಗ್ ಕ್ಲೀನ್, ಫಿಲ್ಟರ್ ತೊಳೆದದ್ದು, ಖರ್ಚು ಸೊನ್ನೆ. ಅಕ್ಷರ ನನ್ನದು, ಸ್ವಲ್ಪ ಸೊಟ್ಟ.

ಒಂದು ಕೆಲಸ ಕೊಡ್ತೀನಿ. ನಿಮ್ಮ ಮನೇಲಿ, ಅಂಗಡೀಲಿ, ತೋಟದಲ್ಲಿ ಹೀಗೆ ರಿಪೇರಿ ಲೆಕ್ಕ ಬರೆದಿಟ್ಟ ಹಳೇ ಪುಸ್ತಕ ಇದ್ರೆ ಒಂದು ಪುಟ ಓದಿ ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ ಅಂದ್ರೆ ಹೆಸರು ಹಾಕಲ್ಲ. ಪ್ಲಗ್ಗಿನ ಗ್ಯಾಪಿಗೆ ಹ್ಯಾಕ್ಸಾ ಬ್ಲೇಡ್ ಬಿಟ್ಟು ನಿಮ್ಮ ಕಡೆಯವರು ಇನ್ನೇನು ಬಳಸ್ತಿದ್ರು ಅನ್ನೋದನ್ನೂ ಹೇಳಿ, ಮೇಸ್ತ್ರಿಗೆ ಕೇಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಅರಸೀಕೆರೆ ಜಂಕ್ಷನ್. ಸಿಗೋಣ.

[ಮೊಪೆಡ್ ದೂರ ಹೋಗುವ ಸದ್ದು.]